ಆ ಬಿಳಿ ಗೆರೆ ನಿಮಗೆ ನೀರಿನ ಮಟ್ಟ ಅನಿಸಿದ್ದು ತಪ್ಪಲ್ಲ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಹೋದ ವಾರ ಮಗಳನ್ನು ನೋಡಲು ಬೆಳಗಾವಿಗೆ ಬಂದಿದ್ದೆ. ಟಿಳಕವಾಡಿಯಲ್ಲಿ ಚಿತ್ರಕಲಾ ಪ್ರದರ್ಶನ ನಡೆದಿತ್ತು, ಕರೆದುಕೊಂಡು ಹೋದಳು. ಒಂದು ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟೆ. ಎಲ್ಲಾ ಕಂದು, ಬೂದು ಬಣ್ಣ. ನಡುವೆ ಒಂದು ಕಪ್ಪು ಚೌಕ. ಅಡ್ಡಕ್ಕೆ ಒಂದು ಬಿಳಿ ಗೆರೆ. ನನಗೆ ಕಂಡಿದ್ದು ಹಳೇ ಬಾಗಲಕೋಟೆಯ ನಮ್ಮ ಮನೆ ಬಾಗಿಲು. ಆಲಮಟ್ಟಿ ಜಲಾಶಯದ ಹಿನ್ನೀರು ಒಳಗೆ ಬಂದ ಮೇಲೆ ಹೀಗೇ ಕಾಣುತ್ತಿತ್ತು. ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದವರೊಬ್ಬರು, ತಿಳಿದವರ ಹಾಗೆ ಕಂಡರು, ‘ಇದು ಅಮೂರ್ತ ಚಿತ್ರ ರೀ, ಯಾವ ವಸ್ತುನೂ ಇದ್ದಂಗ ಬಿಡಿಸಿದ್ದಲ್ಲ, ಇದರಾಗ ಮನಿ, ಬಾಗಿಲ ಹುಡುಕಬಾರದು’ ಅಂದರು. ಚೀಟಿ ನೋಡಿದರೆ ‘ಶೀರ್ಷಿಕೆ ಇಲ್ಲ’ ಅಂತ ಇತ್ತು. ನಾಚಿಕೆಯಾಯಿತು. ಅಭಿಪ್ರಾಯದ ಪುಸ್ತಕದಲ್ಲಿ ‘ಚೆನ್ನಾಗಿದೆ’ ಅಂತಷ್ಟೇ ಬರೆದು ಬಂದೆ. ನಾನು ಕಂಡಿದ್ದು ತಪ್ಪಾ? ಕಲೆ ಓದದ ನಮ್ಮಂಥವರು ಚಿತ್ರಕ್ಕೆ ಅರ್ಥ ಹಚ್ಚಬಹುದಾ?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದಾಗ ಪ್ರದರ್ಶನ ಇನ್ನೂ ಮುಗಿದಿರಲಿಲ್ಲ. ಹೋಗಿ ಆ ಚಿತ್ರ ನೋಡಿ ಬಂದು ಇದನ್ನು ಬರೆಯುತ್ತಿದ್ದೇನೆ. ನೋಡದೆ ಉತ್ತರ ಕೊಟ್ಟಿದ್ದರೆ ನಾಲ್ಕು ಒಳ್ಳೆಯ ಮಾತು ಹೇಳಿ ಸಮಾಧಾನ ಮಾಡಬಹುದಿತ್ತು, ಅಷ್ಟೇ. ನೀವು ಕೇಳಿದ್ದು ಸಮಾಧಾನದ ಮಾತಲ್ಲ. ಕಂಡಿದ್ದು ಸರಿಯೋ ತಪ್ಪೋ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಆ ಕ್ಯಾನ್ವಾಸ್ ಮೇಲೆಯೇ ಇರಬೇಕಲ್ವಾ?

ಮೊದಲು ದೂರದಿಂದ ನೋಡಿದೆ, ಆಮೇಲೆ ಹತ್ತಿರ ಹೋದೆ. ಮೇಲಿನ ಅರ್ಧದಲ್ಲಿ ಕಂದು ಬಣ್ಣ ದಪ್ಪಗಿದೆ. ಕುಂಚದಿಂದ ಹಚ್ಚಿದ್ದಲ್ಲ, ಚಪ್ಪಟೆ ಚಾಕುವಿನಿಂದ ಮೆತ್ತಿದ್ದು. ಅದರ ಏಣು ಬೆರಳಿಗೆ ಸಿಗುವಷ್ಟು ಎದ್ದು ನಿಂತಿದೆ (ಮುಟ್ಟಲಿಲ್ಲ, ಓರೆಯಾಗಿ ನಿಂತರೆ ದೀಪದ ಬೆಳಕಿನಲ್ಲಿ ಕಾಣುತ್ತದೆ). ಗೆರೆಯ ಕೆಳಗೆ ಅದೇ ಕಂದು ಒಮ್ಮೆಲೇ ತೆಳುವಾಗುತ್ತದೆ. ನೀರು ಬೆರೆಸಿ ಹರಿಯಬಿಟ್ಟಿದ್ದಾರೆ. ಎಷ್ಟು ತೆಳು ಅಂದರೆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತದೆ. ಕಪ್ಪು ಚೌಕ ಬರೀ ಕಪ್ಪಲ್ಲ. ಅಂಚಿನಲ್ಲಿ ಒಳಗಿನಿಂದ ಕೆಂಪು ಇಣುಕುತ್ತದೆ. ಚೌಕದ ಮೇಲಿನ ಮೂರು ಬದಿ ಚೂಪಾಗಿವೆ, ಕೆಳಗಿನ ಬದಿ ಇಲ್ಲವೇ ಇಲ್ಲ. ಕಪ್ಪು ಕರಗಿ ಬೂದು ಬಣ್ಣದಲ್ಲಿ ಸೇರಿಹೋಗಿದೆ.

ಇನ್ನು ಆ ಬಿಳಿ ಗೆರೆ. ಅದು ಬಿಳಿ ಬಣ್ಣದಿಂದ ಎಳೆದ ಗೆರೆ ಅಲ್ಲ. ಹಚ್ಚಿದ ಬಣ್ಣವನ್ನು ಕೆರೆದು ತೆಗೆದಿದ್ದಾರೆ, ತಳದ ಬಿಳಿ ಲೇಪ ಹೊರಗೆ ಬಂದಿದೆ. ಚೀಟಿಯಲ್ಲಿ ‘ಕ್ಯಾನ್ವಾಸ್ ಮೇಲೆ ಆಕ್ರಿಲಿಕ್’ ಅಂತ ಇದೆ. ಆಕ್ರಿಲಿಕ್ ಬಹಳ ಬೇಗ ಒಣಗುವ ಬಣ್ಣ. ಎಣ್ಣೆ ಬಣ್ಣದ ಹಾಗೆ ನಾಳೆ ನೋಡೋಣ ಅಂತ ಬಿಡೋಕಾಗುವುದಿಲ್ಲ. ಅಷ್ಟು ಉದ್ದದ ಗೆರೆಯನ್ನು ಹಸಿ ಇರುವಾಗಲೇ, ಕೈ ಅಲುಗದಂತೆ, ಒಂದೇ ಮಟ್ಟದಲ್ಲಿ ಕೆರೆಯಬೇಕು. ಸುಮ್ನೆ ಬಿದ್ದ ಗೆರೆ ಅಲ್ಲ ಅದು. ಆ ಗೆರೆ ಅಲ್ಲಿ ಬೇಕೆಂದೇ ಬಂದಿದೆ.

ನನಗೆ ಮೊದಲು ಕಂಡಿದ್ದೇ ಬೇರೆ. ಬೇಸಿಗೆಯ ಎರೆಹೊಲ, ಅದರ ನಡುವೆ ಒಂದು ಹಾಳುಬಾವಿ. ನಾನು ಬೆಳೆದದ್ದು ಅಂಥ ಹೊಲಗಳ ನಡುವೆ. ಆದರೆ ಹಾಗೆ ನೋಡಿದರೆ ಬಿಳಿ ಗೆರೆಗೆ ಅಲ್ಲಿ ಕೆಲಸವೇ ಇಲ್ಲ. ಗೆರೆಯ ಮೇಲೆ ಬಣ್ಣ ದಪ್ಪ, ಕೆಳಗೆ ತೆಳು, ಇದೂ ಯಾಕೆ ಅಂತ ಹೇಳೋಕಾಗುವುದಿಲ್ಲ. ನೀವು ನೋಡಿದ ಬಗೆಯಲ್ಲಿ ಎಲ್ಲಕ್ಕೂ ಜಾಗ ಇದೆ. ಗೆರೆ ನೀರಿನ ಮಟ್ಟ. ಮೇಲೆ ಗೋಡೆ ಗಟ್ಟಿಯಾಗಿದೆ, ಕೆಳಗೆ ನೆನೆದು ಕರಗಿದೆ. ಬಾಗಿಲಿನ ಹೊಸ್ತಿಲು ಕಾಣುವುದಿಲ್ಲ, ಯಾಕೆಂದರೆ ಅದು ನೀರೊಳಗಿದೆ. ಅಂಚಿನ ಕೆಂಪು ಚೌಕಟ್ಟಿನದು. ಕ್ಯಾನ್ವಾಸ್ ಮೇಲಿನ ಇಷ್ಟು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳುವ ಅರ್ಥವನ್ನು ತಪ್ಪು ಅನ್ನೋದು ಹೇಗೆ?

ನಿಮ್ಮ ಊರಿನವರಿಗೆ ಗೆರೆ ಅಂದರೆ ಏನು ಅಂತ ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಆಲಮಟ್ಟಿ ಜಲಾಶಯ ಈಗ 519.60 ಮೀಟರ್‌ವರೆಗೆ ತುಂಬುತ್ತದೆ. ಅದನ್ನು 524.256 ಮೀಟರ್‌ಗೆ ಏರಿಸುವ ಮಾತು ಎಷ್ಟೋ ವರ್ಷಗಳಿಂದ ನಡೆದಿದೆ. ಹಿನ್ನೀರು ಘಟಪ್ರಭೆಯ ಗುಂಟ ಮೇಲೇರಿ ಹಳೇ ಬಾಗಲಕೋಟೆಯ ಓಣಿಗಳಿಗೆ ಬಂತು. ಒಂದು ಮಟ್ಟದ ಕೆಳಗಿದ್ದವರು ಮನೆ ಬಿಟ್ಟು ನವನಗರಕ್ಕೆ ಬಂದರು, ಮೇಲಿದ್ದವರು ಅಲ್ಲೇ ಉಳಿದರು. ಮೀಟರ್ ಲೆಕ್ಕದ ಒಂದು ಅಡ್ಡಗೆರೆ ಓಣಿಯನ್ನೇ ಎರಡು ಮಾಡಿತು. ಇದನ್ನು ಅನುಭವಿಸಿದ ಕಣ್ಣು ಆ ಬಿಳಿ ಗೆರೆಯ ಮುಂದೆ ನಿಲ್ಲದೆ ಹೇಗೆ ಹೋಗುತ್ತದೆ? ಕಲಾವಿದರ ಮನಸ್ಸಿನಲ್ಲಿ ಬಾಗಲಕೋಟೆ ಇತ್ತೋ ಇಲ್ಲವೋ, ಗೆರೆಯನ್ನಂತೂ ಅವರೇ ಅಲ್ಲಿಟ್ಟಿದ್ದಾರೆ. ಅದನ್ನು ಓದುವ ಶಕ್ತಿ ನಿಮಗೆ ನಿಮ್ಮ ಬದುಕಿನಿಂದ ಬಂದಿದೆ.

ಹಾಗಂತ ‘ಚಿತ್ರದಲ್ಲಿ ಯಾರಿಗೆ ಏನು ಬೇಕಾದರೂ ಕಾಣಬಹುದು, ಎಲ್ಲವೂ ಸರಿ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಉದಾರವಾದ ಮಾತಿನ ಹಾಗೆ ಕೇಳಿಸುತ್ತದೆ. ನಿಜದಲ್ಲಿ ಅದು ಚಿತ್ರವನ್ನೂ ನೋಡುವವರನ್ನೂ ಅಗ್ಗ ಮಾಡುತ್ತದೆ. ಅದೇ ಸಭಾಂಗಣದಲ್ಲಿ ಇನ್ನೊಂದು ಚಿತ್ರದಲ್ಲಿ ಕುಳಿತ ಮುದುಕನೊಬ್ಬ ಇದ್ದ. ನೋಡಲು ಬಂದವರೊಬ್ಬರು ‘ನಮ್ಮ ಕಾಕಾನ ಹಂಗ ಅದಾನ’ ಅಂದರು. ಆಮೇಲೆ ಬಹಳ ಹೊತ್ತು ಕಾಕಾನ ಹೊಲ, ಕಾಕಾನ ಕೋರ್ಟು ಕೇಸು. ಚಿತ್ರದ ಕಡೆ ಮತ್ತೆ ಕತ್ತು ತಿರುಗಲೇ ಇಲ್ಲ. ನೆನಪು ಬಂದಿದ್ದು ತಪ್ಪಲ್ಲ. ನೆನಪು ಬಂದ ಮೇಲೆ ಚಿತ್ರವನ್ನು ಬಿಟ್ಟುಬಿಟ್ಟರು ನೋಡಿ, ಅಲ್ಲಿ ಕೆಟ್ಟಿತು. ನೀವು ಹಾಗೆ ಮಾಡಲಿಲ್ಲ. ಕಣ್ಣು ತುಂಬಿದ ಮೇಲೂ ನಿಮಗೆ ಕಂದು, ಬೂದು, ಚೌಕ, ಗೆರೆ ಎಲ್ಲಾ ನೆನಪಿವೆ. ಪತ್ರದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೀರಿ.

ನಮ್ಮ ಸೀಮೆಯದೇ ಒಂದು ಚಿತ್ರ ಹೇಳುತ್ತೇನೆ. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತ, ಚಿತ್ರಕಲೆ ಅಂದರೆ ಜೀವ ಬಿಡುತ್ತಿದ್ದ. ಆ ಕಾಲದ ದಖನಿ ಚಿತ್ರಗಳಲ್ಲಿ ಮೈನಾ ಹಕ್ಕಿ ಹಿಡಿದ ಯೋಗಿನಿಯ ಚಿತ್ರ ತುಂಬಾ ಹೆಸರಾದದ್ದು. ಈಗ ಅದು ದೂರದ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಯೋಗಿನಿಯ ಜಡೆ ಎತ್ತಿ ಕಟ್ಟಿದೆ, ಮುಖ ಬೂದಿ ಬಳಿದ ಹಾಗಿದೆ. ಆದರೆ ಮೈತುಂಬ ಒಡವೆ, ಮೈಮೇಲೆ ಬೆಲೆಬಾಳುವ ಬಟ್ಟೆ. ಕೈಯಲ್ಲಿ ಮೈನಾ. ಹಿಂದೆ ದೂರದಲ್ಲಿ ಒಂದು ಅರಮನೆ. ಯಾರು ಇವಳು? ಎಲ್ಲಾ ಬಿಟ್ಟು ಹೊರಟ ರಾಣಿಯೇ? ಅರಮನೆಯ ಕಡೆಗೆ ಹೊರಟ ಯೋಗಿನಿಯೇ? ಹಕ್ಕಿ ಯಾರದೋ ಸುದ್ದಿ ತಂದಿದೆಯೇ? ಉತ್ತರ ಬರೆದಿಟ್ಟಿಲ್ಲ. ನೋಡಿದವರೆಲ್ಲ ತಮಗೆ ತೋಚಿದ್ದನ್ನು ಹೇಳುತ್ತಾ ಬಂದಿದ್ದಾರೆ. ಆದರೆ ಯಾರು ಏನೇ ಹೇಳಲಿ, ಬೂದಿಯನ್ನೂ ಒಡವೆಯನ್ನೂ ಎರಡನ್ನೂ ಲೆಕ್ಕಕ್ಕೆ ತಗೋಬೇಕು. ಒಡವೆ ಮರೆತು ‘ಇವಳು ಬರೀ ವಿರಕ್ತೆ’ ಅಂದರೆ ಅದು ಅರೆನೋಟ.

ನಿಮ್ಮ ಜಿಲ್ಲೆಯಲ್ಲೇ, ಬಾದಾಮಿಯ ಮೂರನೇ ಗುಹೆಯಲ್ಲೂ ಹೀಗೇ ಇದೆ. ಚಾಲುಕ್ಯ ವಂಶದ ಮಂಗಳೇಶ ಮಾಡಿಸಿದ ಗುಹೆ ಅದು. ಶಾಸನದ ಪ್ರಕಾರ ಕ್ರಿ.ಶ. 578. ಚಾವಣಿ ಹತ್ತಿರದ ಬಾಗಿದ ಕಲ್ಲಿನ ಮೇಲೆ ಬಣ್ಣದ ಚಿತ್ರಗಳ ಅಳಿದುಳಿದ ಗುರುತುಗಳಿವೆ. ಅರಮನೆ, ನಾಟ್ಯ, ನೋಡುತ್ತಾ ಕುಳಿತವರು. ಕೆಲವರು ಅಲ್ಲಿ ಮಂಗಳೇಶನ ಅಣ್ಣ ಕೀರ್ತಿವರ್ಮನನ್ನು ಕಂಡರು, ಕೆಲವರು ಇಂದ್ರನ ಸಭೆಯನ್ನು ಕಂಡರು. ಓದಿ ತಿಳಿದವರೇ ಹೀಗೆ ಬೇರೆ ಬೇರೆ ಕಾಣುತ್ತಾರೆ. ನಾವು ಶಿಲ್ಪ ನೋಡುವ ಗಡಿಬಿಡಿಯಲ್ಲಿ ತಲೆ ಎತ್ತುವುದನ್ನೇ ಮರೆಯುತ್ತೇವೆ. ಮುಂದಿನ ಸಲ ಬಾದಾಮಿಗೆ ಹೋದಾಗ ಕಣ್ಣು ಕತ್ತಲೆಗೆ ಹೊಂದುವವರೆಗೆ ಅಲ್ಲಿ ನಿಂತು ನೋಡಿ.

‘ಕಲೆ ಓದದ ನಮ್ಮಂಥವರು’ ಅಂದಿದ್ದೀರಿ. 1896ರಲ್ಲಿ ಮಾಸ್ಕೋದ ಒಂದು ಪ್ರದರ್ಶನಕ್ಕೆ ಕಾನೂನು ಓದಿದ ಒಬ್ಬರು ಹೋಗಿದ್ದರು. ಅಲ್ಲಿ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಬಿಡಿಸಿದ ಹುಲ್ಲಿನ ಬಣವೆಯ ಚಿತ್ರ ಇತ್ತು. ಅದು ಬಣವೆ ಅಂತ ಅವರಿಗೆ ಗೊತ್ತಾಗಿದ್ದು ಪಟ್ಟಿ ನೋಡಿದ ಮೇಲೆ. ಗುರುತು ಸಿಗಲಿಲ್ಲ ಅಂತ ಬೇಜಾರಾಯಿತು, ಆದರೆ ಚಿತ್ರ ಮನಸ್ಸು ಬಿಟ್ಟು ಹೋಗಲೇ ಇಲ್ಲ. ಅವರೇ ವಾಸಿಲಿ ಕಾಂಡಿನ್‌ಸ್ಕಿ. ಅದೇ ವರ್ಷ ಕಾನೂನು ಬಿಟ್ಟು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದರು. ಮುಂದೆ ಅಮೂರ್ತ ಚಿತ್ರ ಅಂದ ಕೂಡಲೇ ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದಾಯಿತು.

ನಿಮ್ಮ ಪಕ್ಕ ನಿಂತಿದ್ದವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಎಲ್ಲಾ ಅಮೂರ್ತ ಚಿತ್ರದಲ್ಲೂ ಮನೆ, ಮರ, ಮುಖ ಹುಡುಕುತ್ತಾ ಹೋದರೆ ಬಣ್ಣವನ್ನು ಬಣ್ಣವಾಗಿ ನೋಡುವ ಖುಷಿ ತಪ್ಪಿಹೋಗುತ್ತದೆ. ಅವರು ಹೇಳಬೇಕೆಂದಿದ್ದು ಬಹುಶಃ ಅದೇ. ಆದರೆ ನೀವು ಹುಡುಕಲಿಲ್ಲ, ನಿಮಗೆ ಕಂಡಿತು. ಅತ್ತು ನಿಂತವರಿಗೆ ‘ಹುಡುಕಬಾರದು’ ಅನ್ನುವ ಬದಲು ‘ನಿಮಗೇನು ಕಾಣಿಸಿತು?’ ಅಂತ ಕೇಳಿದ್ದರೆ ಅವರಿಗೂ ಆ ಗೆರೆ ಇನ್ನೊಮ್ಮೆ ನೋಡಲು ಸಿಗುತ್ತಿತ್ತು. ‘ಶೀರ್ಷಿಕೆ ಇಲ್ಲ’ ಅನ್ನೋದೂ ಬಾಗಿಲು ಮುಚ್ಚುವ ಮಾತಲ್ಲ. ಹೆಸರು ಕೊಟ್ಟರೆ ನೋಡುವವರು ಹೆಸರನ್ನೇ ಹುಡುಕುತ್ತಾರೆ ಅಂತ ಎಷ್ಟೋ ಕಲಾವಿದರು ಚೀಟಿ ಖಾಲಿ ಬಿಡುತ್ತಾರೆ.

ನನಗೆ ಬೇಸರವಾಗಿದ್ದು ಒಂದೇ, ಆ ಅಭಿಪ್ರಾಯದ ಪುಸ್ತಕ. ಹಾಳೆ ತಿರುವಿ ನೋಡಿದೆ. ‘ಚೆನ್ನಾಗಿದೆ’, ‘ಅದ್ಭುತ’, ‘ಶುಭವಾಗಲಿ’. ಪುಟದ ತುಂಬ ಅದೇ. ವರ್ಷಗಟ್ಟಲೆ ಒಬ್ಬರೇ ಕೂತು ಕೆಲಸ ಮಾಡಿದ ಕಲಾವಿದರಿಗೆ ಇದರಿಂದ ಏನು ಸಿಗುತ್ತದೆ ಹೇಳಿ? ತಾನು ಕೆರೆದ ಗೆರೆ ಯಾರದೋ ಮನೆಯ ನೀರಿನ ಮಟ್ಟವಾಯಿತು ಅನ್ನುವ ಸುದ್ದಿ ಅವರಿಗೆ ತಲುಪಬೇಕಿತ್ತು. ಅದು ಒಪ್ಪಿಗೆಯಾಗದಿದ್ದರೆ ಅವರೂ ಹೇಳಬಹುದು, ಮಾತು ಅಲ್ಲಿಂದ ಬೆಳೆಯುತ್ತದೆ.

ಪ್ರದರ್ಶನ ಈಗ ಮುಗಿದಿದೆ, ಆದರೆ ಕಲಾವಿದರ ವಿಳಾಸ ತಗೊಂಡು ಬಂದಿದ್ದೇನೆ. ನಿಮ್ಮ ಪತ್ರವನ್ನು ಅವರಿಗೆ ಕಳಿಸಬಹುದಾ? ಹೆಸರು ಹಾಕಬೇಕೋ ಬೇಡವೋ ಅದನ್ನೂ ತಿಳಿಸಿ. ಆ ಬಾಗಿಲಿನ ಬಗ್ಗೆ, ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದರ ಬಗ್ಗೆ ಇನ್ನೂ ನಾಲ್ಕು ಸಾಲು ಸೇರಿಸುವುದಿದ್ದರೆ ಬರೆದು ಕಳಿಸಿ, ಒಟ್ಟಿಗೇ ಮುಟ್ಟಿಸುತ್ತೇನೆ.