‘ಜಂಗಮ’ ಎಂದರೆ ಸ್ವಾಮಿಗಳು ಎಂದು ಮಾತ್ರವೇ ಅರ್ಥ?

ಅಲ್ಲ. ಹೋಗು ಎಂಬ ಅರ್ಥದ ‘ಗಮ್’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಪದವಿದು; ಚಲಿಸುವುದೆಲ್ಲವೂ ಜಂಗಮವೇ. ಇರುವೆ, ಎತ್ತು, ಮನುಷ್ಯ ಎಲ್ಲವೂ. ನಿಂತಲ್ಲೇ ನಿಂತದ್ದು ಸ್ಥಾವರ. ರಾಯಚೂರಿನವರಾದ ನಮಗೆ ಸ್ಥಾವರ ಎಂದೊಡನೆ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು ನೆನಪಾಗುತ್ತವೆ. ಅದೂ ಇದೇ ಪದ.

ಊರೂರು ಸುತ್ತಿ ಧರ್ಮ ಬೋಧಿಸುವ ಶರಣರಿಗೆ ಈ ಹೆಸರು ಬಂದದ್ದು ಅವರ ನಡಿಗೆಯಿಂದ. ಮುಂದೆ ಅದು ವೀರಶೈವ ಸಂಪ್ರದಾಯದಲ್ಲಿ ಗುರುವರ್ಗದ ಹೆಸರಾಯಿತು. ಆದರೆ 12ನೇ ಶತಮಾನದಲ್ಲಿ ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದ ಬಸವಣ್ಣನವರ ಮಾತನ್ನು ಜಾತಿಯ ಅರ್ಥದಲ್ಲಿ ಓದಿದರೆ ಕೆಡುತ್ತದೆ. ಕಲ್ಲಿನ ದೇಗುಲ ಬೀಳುತ್ತದೆ, ಉಸಿರಾಡುವ ದೇಹವೇ ದೇಗುಲವಾದರೆ ಚೈತನ್ಯ ಸಾಗುತ್ತಲೇ ಇರುತ್ತದೆ ಎಂಬುದು ಅಲ್ಲಿಯ ತಿರುಳು. ಗಂಗಾವತಿ ಬಳಿಯ ‘ಜಂಗಮರ ಕಲ್ಗುಡಿ’ ಎಂಬ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ನಗು: ಎರಡೂ ಒಂದೇ ಫಲಕದಲ್ಲಿ!

ಹಳೆಯ ಪತ್ರಗಳಲ್ಲಿ ‘ಸ್ಥಾವರ ಜಂಗಮ ಸ್ವತ್ತು’ ಎಂದಿದ್ದರೆ ಹೊಲ, ಮನೆ ಒಂದು ಕಡೆ. ದನ, ಬಂಡಿ, ಒಡವೆ ಇನ್ನೊಂದು ಕಡೆ. ಈಗ ಚರಾಸ್ತಿ ಎಂಬುದೇ ರೂಢಿ. ಮೊಬೈಲಿಗೆ ‘ಜಂಗಮವಾಣಿ’ ಎಂದವರು ಪದವನ್ನು ಸರಿಯಾಗಿಯೇ ಬಳಸಿದ್ದಾರೆ, ಜನರ ಬಾಯಿಗೆ ಮಾತ್ರ ಅದು ಹತ್ತಲಿಲ್ಲ.