ಹಂಪನಕಟ್ಟೆ ಹತ್ತಿರ 12 ಸೆಂಟ್ಸ್ ಜಾಗ: ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟ್, ಎಷ್ಟು ಮಹಡಿ ಏರಿಸಬಹುದು?

ನಿಮ್ಮ ಪ್ರಶ್ನೆ ಹೀಗುಂಟು: ಮಂಗಳೂರು ಪೇಟೆಯ ಹಂಪನಕಟ್ಟೆ ಪಕ್ಕ ಹಳೇ ಹೆಂಚಿನ ಮನೆ, 12 ಸೆಂಟ್ಸ್ ಜಾಗ. ಕೆಡವಿ ಕೆಳಗೆ ಅಂಗಡಿ, ಮೇಲೆ ಆರೇಳು ಮಹಡಿ ಫ್ಲ್ಯಾಟ್ ಮಾಡಬಹುದಾ? ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಒಟ್ಟು ವಿಸ್ತೀರ್ಣ ಕಟ್ಟಬಹುದು ಎನ್ನುವ ಮಿತಿ) ಸಾಕಷ್ಟು ಸಿಗುತ್ತದೆ ಎಂದು ಬ್ರೋಕರ್ ಹೇಳಿದ್ದಾರೆ.

ಎಫ್‌ಎಆರ್ ಸಿಗಬಹುದು. ಅದನ್ನು ತುಂಬಿಸಲಿಕ್ಕೆ ಜಾಗ ಸಿಗಲಿಕ್ಕಿಲ್ಲ. ಪೇಟೆಯ ಸಣ್ಣ ಜಾಗದಲ್ಲಿ ಮಹಡಿ ನಿರ್ಧಾರ ಮಾಡುವುದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಮತ್ತು ಪಾರ್ಕಿಂಗ್.

ಲೆಕ್ಕ ನೋಡಿ. 12 ಸೆಂಟ್ಸ್ ಅಂದರೆ ಸುಮಾರು 485 ಚದರ ಮೀಟರ್. ರಸ್ತೆ ಬದಿ ಅಗಲ 16 ಮೀಟರ್, ಉದ್ದ 30 ಮೀಟರ್ ಎಂದಿಟ್ಟುಕೊಳ್ಳಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಕಟ್ಟಡದ ಎತ್ತರ 10 ಮೀಟರ್ ಇದ್ದರೆ ಬದಿ ಮತ್ತು ಹಿಂದೆ 3 ಮೀಟರ್ ಬಿಡಬೇಕು. 15 ಮೀಟರ್‌ಗೆ 5, 18ಕ್ಕೆ 6, 21ಕ್ಕೆ 7. ಸುಲಭಕ್ಕೆ ಎದುರಿಗೂ ಅಷ್ಟೇ ಇಡಿ. 10 ಮೀಟರ್ ಒಳಗೆ ನಿಂತರೆ ಒಂದೊಂದು ಅಂತಸ್ತು 10 × 24, ಅಂದರೆ 240 ಚದರ ಮೀಟರ್. ನೆಲದ ಅಂತಸ್ತು ಸೇರಿ ಮೂರಕ್ಕೆ 720. 15 ಮೀಟರ್‌ಗೆ ಏರಿಸಿದರೆ 6 × 20, ಐದು ಅಂತಸ್ತಿಗೆ 600. 18 ಮೀಟರ್‌ಗೆ ಹೋದರೆ ಆರು ಅಂತಸ್ತು ಸೇರಿ 432. 21 ಮೀಟರ್‌ನಲ್ಲಿ ಅಂತಸ್ತಿಗೆ ಉಳಿಯುವುದು 2 × 16. ಮೆಟ್ಟಿಲು, ಲಿಫ್ಟ್ ಇಟ್ಟರೆ ಮುಗಿಯಿತು. ಎತ್ತರ ಏರಿದಷ್ಟೂ ಒಟ್ಟು ವಿಸ್ತೀರ್ಣ ಇಳಿಯುತ್ತದೆ! ನಿಮ್ಮ ಪ್ಲ್ಯಾನ್ ಪಾಸಾಗುವುದು ಮುಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ವಲಯ ನಿಯಮಗಳ ಪಟ್ಟಿಯಿಂದ, ಅಲ್ಲಿನ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿಸಿ. ಅಂಕಿ ಬದಲಾದರೂ ಲೆಕ್ಕದ ದಾರಿ ಇದೇ. ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಸಿಗುವ, ಮಾರಬಹುದಾದ ಕಟ್ಟುವ ಹಕ್ಕು) ಅಥವಾ ಪ್ರೀಮಿಯಂ ಎಫ್‌ಎಆರ್ (ಹಣ ಕೊಟ್ಟು ಪಡೆಯುವ ಹೆಚ್ಚುವರಿ ಎಫ್‌ಎಆರ್) ಖರೀದಿಸಿ ಎಂದು ಯಾರಾದರೂ ಹೇಳಿದರೆ, ಮೊದಲು ಈ ಲೆಕ್ಕ ಅವರ ಮುಂದಿಡಿ.

ಇನ್ನು ರಸ್ತೆ. ಎದುರಿನ ರಸ್ತೆ ಈಗ ಎಷ್ಟು ಅಗಲ ಉಂಟು ಎನ್ನುವುದರ ಜೊತೆ, ಮಾಸ್ಟರ್ ಪ್ಲ್ಯಾನ್‌ನಲ್ಲಿ (ಜನ ಹೇಳುವ ಸಿಡಿಪಿ ರಸ್ತೆ) ಎಷ್ಟು ಅಗಲ ತೋರಿಸಿದ್ದಾರೆ ನೋಡಿ. ಅಗಲೀಕರಣಕ್ಕೆ ಎದುರಿನಿಂದ 2 ಮೀಟರ್ ಹೋದರೆ ಸೆಟ್‌ಬ್ಯಾಕ್ ಹೊಸ ಗೆರೆಯಿಂದ ಶುರು; ಮೇಲಿನ 720 ಇದ್ದದ್ದು 660ಕ್ಕೆ ಬರುತ್ತದೆ. ಬಿಟ್ಟುಕೊಟ್ಟ ಜಾಗಕ್ಕೆ ಟಿಡಿಆರ್ ಕೇಳಬಹುದು. ಅದನ್ನು ಇದೇ ಜಾಗದಲ್ಲಿ ಬಳಸುವುದಕ್ಕಿಂತ ಮಾರುವುದೇ ನಿಮಗೆ ಲಾಭ.

ಪಾರ್ಕಿಂಗ್‌ನಲ್ಲಿ ಅಂಗಡಿಯ ಆಸೆ ಕರಗುತ್ತದೆ. ತಿರುಗಿಸುವ ಜಾಗ ಸೇರಿ ಸ್ಟಿಲ್ಟ್‌ನಲ್ಲಿ (ಬರೀ ಕಂಬಗಳಿರುವ ತೆರೆದ ನೆಲ ಅಂತಸ್ತು) ಒಂದು ಕಾರಿಗೆ ಸುಮಾರು 28 ಚದರ ಮೀಟರ್ ಹಿಡಿಯಿರಿ. 240ರ ನೆಲ ಪೂರ್ತಿ ಬಿಟ್ಟರೂ ಎಂಟು ಕಾರು. ಅರ್ಧ ಅಂಗಡಿ ಮಾಡಿದರೆ ನಾಲ್ಕು, ಅದರಲ್ಲಿ ಅಂಗಡಿಯದ್ದೇ ಪಾಲು ಬೇರೆ. ಬೇಸ್‌ಮೆಂಟ್ ಮಾಡೋಣ ಅನ್ನುತ್ತೀರಾ? ರ‍್ಯಾಂಪ್ 1:10 ಇಳಿಜಾರಿನಲ್ಲಿ 3 ಮೀಟರ್ ಇಳಿಯಲಿಕ್ಕೆ 30 ಮೀಟರ್ ಉದ್ದ ಬೇಕು, ನಿಮ್ಮ ಜಾಗದ ಉದ್ದವೇ ಅಷ್ಟು. ಕಾರ್ ಲಿಫ್ಟ್ ಒಂದೇ ದಾರಿ. ಅಗೆಯುವಾಗ ಮೇಲೆ ಗಟ್ಟಿ ಮುರಕಲ್ಲು ಸಿಕ್ಕಿತೆಂದು ನಂಬಬೇಡಿ. ಅದರ ಕೆಳಗೆ ಹೆಚ್ಚಾಗಿ ಶೇಡಿ ಮಣ್ಣು (ಮೆತ್ತನೆಯ ಜೇಡಿ). ಒಣಗಿದಾಗ ನೆಟ್ಟಗೆ ನಿಲ್ಲುತ್ತದೆ, ನೀರು ತಾಗಿದರೆ ಕುಸಿಯುತ್ತದೆ. ಜೂನ್ ಮುಂಚೆ ತಡೆಗೋಡೆ ಮುಗಿಯದಿದ್ದರೆ ಮೊದಲು ಬೀಳುವುದು ಪಕ್ಕದವರ ಕಂಪೌಂಡು. ಬೋರ್ ತೆಗೆಸಿ ಮಣ್ಣಿನ ಪರೀಕ್ಷೆ ಮಾಡಿಸದೆ ಜೆಸಿಬಿ ಕರೆಸಬೇಡಿ. ಪ್ಲ್ಯಾನ್‌ನಲ್ಲಿ ಪಾರ್ಕಿಂಗ್ ತೋರಿಸಿ ಮತ್ತೆ ಶಟರ್ ಹಾಕುವ ಯೋಚನೆ ಇದ್ದರೆ ಈಗಲೇ ಬಿಡಿ. ದಂಡ ಕಟ್ಟಿ ನಿಯಮ ಮೀರಿದ ಕಟ್ಟಡ ಸಕ್ರಮ ಮಾಡಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ.

ನನ್ನ ಸಲಹೆ: ರಸ್ತೆ ಬದಿಗೆ ಒಂದು ಅಥವಾ ಎರಡು ಸಣ್ಣ ಅಂಗಡಿ, ಹಿಂದೆ ಪಾರ್ಕಿಂಗ್, ಮೇಲೆ ಎರಡು ಅಂತಸ್ತು ಫ್ಲ್ಯಾಟ್. ಫ್ಲ್ಯಾಟಿನವರ ಮೆಟ್ಟಿಲು ಅಂಗಡಿಯೊಳಗಿಂದ ಹೋಗದ ಹಾಗೆ ನೋಡಿಕೊಳ್ಳಿ. ಹೋಟೆಲಿಗೆ ಬಾಡಿಗೆ ಕೊಡುವ ಅಂದಾಜಿದ್ದರೆ ಹೊಗೆ ಕೊಳವೆ ಟೆರೇಸ್ ದಾಟುವವರೆಗೆ ಡಕ್ಟ್ ಈಗಲೇ ಬಿಡಿ. ಕಟ್ಟಿದ ಮೇಲೆ ಅದಕ್ಕೆ ಜಾಗ ಹುಟ್ಟುವುದಿಲ್ಲ. ಅಂಗಡಿಯ ಭಾಗವೇ ದೊಡ್ಡದಾದರೆ ಇನ್ನೊಂದು ತೊಡಕುಂಟು: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮುಖ್ಯವಾಗಿ ವಾಸಕ್ಕೆ ಇರುವ ಕಟ್ಟಡಕ್ಕೆ.

ಇಷ್ಟೆಲ್ಲ ಆಗುವುದು ದಾಖಲೆ ಸರಿ ಇದ್ದರೆ. ಮಂಗಳೂರು ಪೇಟೆಯ ಹಳೇ ಜಾಗಗಳಲ್ಲಿ ಮೂಲಗೇಣಿ (ತಲೆಮಾರುಗಳಿಗೆ ನಡೆಯುವ ಶಾಶ್ವತ ಗೇಣಿ) ಬಹಳ. ಆರ್‌ಟಿಸಿಯ (ಪಹಣಿ) 9 ಮತ್ತು 11ನೇ ಕಲಂ ಎರಡನ್ನೂ ಓದಿ, ಅಜ್ಜನ ಕಾಲದ ಪತ್ರ ತೆಗೆಸಿ. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡಿಸುವ 2011ರ ಕಾಯ್ದೆ ಉಂಟು. ಆ ಕೆಲಸ ಮುಗಿಸಿಯೇ ಆರ್ಕಿಟೆಕ್ಟ್ ಹತ್ತಿರ ಹೋಗಿ, ಇಲ್ಲದಿದ್ದರೆ ಬ್ಯಾಂಕಿನ ವಕೀಲರು ಫೈಲ್ ವಾಪಸ್ ಕೊಡುತ್ತಾರೆ. ಕನ್ವರ್ಷನ್ (ಭೂ ಪರಿವರ್ತನೆ) ಆದೇಶದಲ್ಲಿ "ವಾಸಕ್ಕೆ" ಎಂದು ಮಾತ್ರ ಬರೆದಿದ್ದರೆ ಅಂಗಡಿಗೆ ಅಲ್ಲೇ ತಡೆ.

ಆಮೇಲೆ ಕ್ರಮ ಹೀಗೆ: ಮುಡಾದಲ್ಲಿ ಏಕ ನಿವೇಶನ ಅನುಮೋದನೆ (ಸಿಂಗಲ್ ಸೈಟ್ ಎಂದು ಕೇಳಿ), ನಂತರ ಲಾಲ್‌ಬಾಗ್‌ನ ಪಾಲಿಕೆಯಲ್ಲಿ ಲೈಸೆನ್ಸ್. ವಿಮಾನ ನಿಲ್ದಾಣದ ಎತ್ತರ ಮಿತಿ ನಿಮ್ಮ ಮೂರು ಅಂತಸ್ತಿಗೆ ತಲೆನೋವಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಬಂದರು ಕಡೆ, ನದಿ ಬದಿಯವರಿಗೆ, ಹಂಪನಕಟ್ಟೆಗೆ ಇಲ್ಲ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗೆ 500 ಚದರ ಮೀಟರ್ ಅಥವಾ ಎಂಟು ಘಟಕಗಳ ಗಡಿ ಉಂಟು, ಅಂಗಡಿಯೂ ಘಟಕವೇ. ಪಕ್ಕದ ಒಂದೇ ಸೆಂಟ್ಸ್ ಸೇರಿಸಿದರೂ ನಿಮ್ಮ ಜಾಗ 526 ಚದರ ಮೀಟರ್ ಆಗಿಬಿಡುತ್ತದೆ.

ಪಿಲ್ಲರ್ ಗುರುತು ಹಾಕಿದ ದಿನವೇ ನಾಲ್ಕೂ ಬದಿಯ ಅಳತೆ ಟೇಪ್ ಹಿಡಿದು ನೀವೇ ನೋಡಿ. ಮಂಜೂರಾದ ಪ್ಲ್ಯಾನಿಗೂ ಜಾಗದ ಅಳತೆಗೂ ವ್ಯತ್ಯಾಸ ಇದ್ದರೆ ತಿದ್ದಲಿಕ್ಕೆ ಆಗುವುದು ಆಗ ಮಾತ್ರ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ (ಕಟ್ಟಡ ಪ್ಲ್ಯಾನಿನಂತೆ ಮುಗಿದು ವಾಸಕ್ಕೆ ಯೋಗ್ಯ ಎನ್ನುವ ಪತ್ರ) ಇಲ್ಲದೆ ಮೆಸ್ಕಾಂ ವಿದ್ಯುತ್ ಸಂಪರ್ಕ ಕಷ್ಟ, ಓಸಿ ಇಲ್ಲದೆ ಫ್ಲ್ಯಾಟಿಗೆ ಡೋರ್ ನಂಬ್ರವೂ ಕಷ್ಟ.