ಹೆಚ್ಚು ಸಿಮೆಂಟ್ ಹಾಕಿಸಿದರೆ ಮನೆಯ ಪಾಯ, ನೆಲ, ಗೋಡೆ ಗಟ್ಟಿಯಾಗುತ್ತವೆಯೇ?

ಮೊದಲ ಬಾರಿ ಮನೆ ಕಟ್ಟಿಸುತ್ತಿದ್ದೀರಿ. ಮೇಸ್ತ್ರಿ ಹೇಳಿದ್ದಕ್ಕಿಂತ ಒಂದು ಪಾಲು ಸಿಮೆಂಟ್ ಹೆಚ್ಚಿಗೆ ಹಾಕಿಸಿದರೆ ಪಾಯ, ನೆಲ, ಗೋಡೆ ಮೂರೂ ಭದ್ರವಾಗುತ್ತವೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಗೋಡೆಗಂತೂ ಅದರಿಂದ ಕೆಡುಕೇ ಆದೀತು, ಏಕೆಂದು ಮುಂದೆ ಹೇಳುತ್ತೇನೆ. ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಬಿರುಕು ಬಿಟ್ಟಿದೆ, ಬಂದು ನೋಡಿ ಎಂದು ನನ್ನನ್ನು ಕರೆಸಿದ ಮನೆಗಳಲ್ಲಿ ಸಿಮೆಂಟ್ ಸಾಲದೆ ಕೆಟ್ಟವು ಅಪರೂಪ. ನೀರಿನ ಲೆಕ್ಕ ತಪ್ಪಿ ಕೆಟ್ಟವೇ ಜಾಸ್ತಿ. ಕಲಸುವಾಗ ಕೊಡಗಟ್ಟಲೆ ಸುರಿದಿರುತ್ತಾರೆ, ಕಲಸಿ ಹಾಕಿದ ಮೇಲೆ ಉಣಿಸಿರುವುದಿಲ್ಲ.

ಪಾಯ ತೋಡಿದ ದಿನ ಗುಂಡಿಯೊಳಗೆ ನೀವೇ ಇಳಿದು ನೋಡಿ. ಎಷ್ಟು ಅಡಿ ಆಳ ಬೇಕು ಎಂಬುದಕ್ಕೆ ಎಲ್ಲ ಕಡೆಗೂ ಸಲ್ಲುವ ಅಂಕಿ ಇಲ್ಲ. ಗಟ್ಟಿ ನೆಲ ಸಿಗುವವರೆಗೆ ತೋಡಬೇಕು, ಅಷ್ಟೇ. ಹೆಂಚಿನ ಚೂರು, ಪ್ಲಾಸ್ಟಿಕ್, ಕೊಳೆತ ಬೇರು ಕಂಡರೆ ಅದು ಹಿಂದೆ ಯಾರೋ ತಂದು ತುಂಬಿದ ಮಣ್ಣು, ಇನ್ನೂ ಕೆಳಗೆ ಹೋಗಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೆದು ಮಣ್ಣು ಸಿಕ್ಕರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಿ. ಇಡೀ ಮನೆ ಒಂದೇ ಸಮನಾಗಿ ಕೊಂಚ ಇಳಿದರೆ ಗೋಡೆಗೆ ಅಷ್ಟಾಗಿ ಪೆಟ್ಟಿಲ್ಲ. ಒಂದು ಮೂಲೆ ನಿಂತು ಮತ್ತೊಂದು ಮೂಲೆ ಇಳಿದಾಗಲೇ ಇಟ್ಟಿಗೆಯ ಸಂದುಗಳ ಗುಂಟ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ.

ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಮುರಿಯದೆ ಸಣ್ಣ ದಾರದಂತೆ ನೀಳವಾಗಿ ಬರುತ್ತದೆಯೇ? ಒಣಗಿದ ನೆಲದಲ್ಲಿ ಬೆರಳು ತೂರುವಷ್ಟು ಬಿರುಕುಗಳಿವೆಯೇ? ಹಾಗಿದ್ದರೆ ಅದು ನೀರು ಕುಡಿದು ಉಬ್ಬುವ, ಆರಿದಾಗ ಕುಗ್ಗುವ ಎರೆಯ ಜಾತಿ. ಅಂಥ ಮಣ್ಣಿನ ಮೇಲಿನ ಸಾಧಾರಣ ಪಾಯ ಮಳೆಗಾಲದಲ್ಲಿ ಮೇಲೇಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಆ ಮಣ್ಣನ್ನು ತೆಗೆದು ಬೇರೆ ತುಂಬಬೇಕೋ, ತೇವ ಏರಿಳಿಯದ ಆಳಕ್ಕೆ ಬುಡ ಅಗಲಿಸಿದ ಕಂಬಗಳನ್ನು ಇಳಿಸಬೇಕೋ ಎಂಬುದನ್ನು ಮಣ್ಣಿನ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ಈ ಪರೀಕ್ಷೆಗೆ ಲೋಭ ಮಾಡಿ, ಮುಂಬಾಗಿಲಿನ ಕೆತ್ತನೆಗೆ ಕೈ ಬಿಚ್ಚಿ ಖರ್ಚು ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಕಾಂಕ್ರೀಟ್. 50 ಕಿಲೋ ಸಿಮೆಂಟ್ ಚೀಲಕ್ಕೆ ಸುಮಾರು 25 ಲೀಟರ್ ನೀರು ಸಾಕು, ಮರಳು ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ತೆಳ್ಳಗೆ ಕಲಸಿದರೆ ಸರಾಗವಾಗಿ ಹರಿಯುತ್ತದೆ, ಕೆಲಸಗಾರರ ತೋಳು ನೋಯುವುದಿಲ್ಲ, ಹಾಗಾಗಿ ಅವರಿಗೆ ಅದೇ ಇಷ್ಟ. ಆದರೆ ಸಿಮೆಂಟಿಗೆ ಬೇಡದ ನೀರು ಆಮೇಲೆ ಆವಿಯಾಗಿ, ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ಕಾಂಕ್ರೀಟಿನ ಬಲ ಕುಂದುವುದೂ, ತೇವ ನುಸುಳಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಈ ರಂಧ್ರಗಳಿಂದಲೇ. ಬಿಗಿಯಾಗಿ ಕಲಸಿ, ವೈಬ್ರೇಟರ್ (ಕಾಂಕ್ರೀಟನ್ನು ಅದುರಿಸಿ ಒಳಗಿನ ಗಾಳಿ ಹೊರಡಿಸುವ ಯಂತ್ರ) ಹಾಕಿ ಕೂರಿಸಲು ಹೇಳಿ. ಪಾಯದ ಸರಳುಗಳು ಮಣ್ಣಿಗೆ ತಾಗಬಾರದು. ತಳಕ್ಕೆ 75ರಿಂದ 100 ಮಿ.ಮೀ. ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್) ಹಾಸಿ, ಅದರ ಮೇಲೆ 50 ಮಿ.ಮೀ. ಕವರ್ ಬ್ಲಾಕ್ (ಸರಳನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಟ್ಟು ಸರಳು ಜೋಡಿಸಬೇಕು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ಸಿಮೆಂಟ್ ನೀರಿನೊಡನೆ ಕೂಡಿಕೊಳ್ಳುವುದರಿಂದ. ಕನಿಷ್ಠ 7 ದಿನ, ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) ಬೆರೆತ ಸಿಮೆಂಟಾದರೆ 10ರಿಂದ 14 ದಿನ ತೇವ ಆರಬಾರದು. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಚಿಮುಕಿಸಿದರೆ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತದೆ. ಒದ್ದೆ ಗೋಣಿ ಹೊದಿಸುವುದೇ ಮೇಲು. ನೀವು ಕೈಯಾರೆ ಮಾಡಬಹುದಾದ ಕೆಲಸ ಇಡೀ ಮನೆಯಲ್ಲಿ ಇದೊಂದೇ ಇದ್ದೀತು, ಇದನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ.

ನೆಲದ ವಿಷಯದಲ್ಲಿ ಕೈ ಸುಟ್ಟುಕೊಂಡವನು ನಾನೇ. ಊರಿಗೆಲ್ಲ ಬುದ್ಧಿ ಹೇಳುತ್ತ, ನನ್ನ ಸ್ವಂತ ಮನೆಯ ಕೋಣೆಗಳಿಗೆ ಮಣ್ಣು ತುಂಬುವ ದಿನ ನಾನು ಬೇರೆ ಕೆಲಸದ ಮೇಲೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಮೂರಡಿ ಮಣ್ಣು ಒಂದೇ ದಿನದಲ್ಲಿ ತುಂಬಿ ಮೇಲೆ ಮಟ್ಟಸ ಮಾಡಿ ಮುಗಿದಿತ್ತು. ಮೇಲಿನಿಂದ ಗಟ್ಟಿಯಾಗಿಯೇ ಕಂಡಿತು, ತೆಗೆಸಿ ಮತ್ತೆ ತುಂಬಿಸಲು ಸೋಮಾರಿತನ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಮಲಗುವ ಕೋಣೆಯ ಒಂದು ಮೂಲೆಯ ಟೈಲ್ಸ್ ಬೆರಳು ದಪ್ಪ ಕುಸಿದಿತ್ತು. ಗೋಡೆಗೆ ಏನೂ ಆಗಿರಲಿಲ್ಲ. ಗೋಡೆ ನಿಂತಿರುವುದು ಪಾಯದ ಮೇಲೆ, ನೆಲ ಮಲಗಿರುವುದು ತುಂಬಿದ ಮಣ್ಣಿನ ಮೇಲೆ. ಹಾಗಾಗಿ 150 ಮಿ.ಮೀ.ಗೆ ಒಂದು ಪದರದಂತೆ ಹರಡಿ, ಹದವಾಗಿ ನೀರು ಚಿಮುಕಿಸಿ, ದಿಮ್ಮಸಿನಿಂದಲೋ ಯಂತ್ರದಿಂದಲೋ ಬಡಿಸಿದ ಮೇಲೆಯೇ ಮುಂದಿನ ಪದರ. ಜೇಡಿ ಮಣ್ಣನ್ನಾಗಲಿ ಒಡೆದ ಇಟ್ಟಿಗೆಯ ರಾಶಿಯನ್ನಾಗಲಿ ಒಳಗೆ ಸೇರಿಸಬೇಡಿ. ಮೇಲೆ ಕಾಂಕ್ರೀಟ್ ಹಾಕುವ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲದ ತೇವ ಮೇಲೇರುವುದಿಲ್ಲ. ಬಚ್ಚಲಿನ ಇಳಿಜಾರನ್ನು ಟೈಲ್ಸ್ ಹಾಕುವಾಗ ಸರಿಮಾಡಿಕೊಳ್ಳೋಣ ಎಂದರೆ ಒಪ್ಪಬೇಡಿ, ಕೆಳಗಿನ ಹಾಸಿನಲ್ಲೇ ಬರಬೇಕು.

ಈಗ ಗೋಡೆಗೆ ಹೆಚ್ಚು ಸಿಮೆಂಟ್ ಏಕೆ ಬೇಡ ಎಂಬುದು. ಸಿಮೆಂಟ್ ಹೆಚ್ಚಾದಷ್ಟೂ ಗಾರೆ ಆರುವಾಗ ಹೆಚ್ಚು ಕುಗ್ಗುತ್ತದೆ, ಇಟ್ಟಿಗೆಗಿಂತ ಗಡುಸಾಗುತ್ತದೆ. ಆಮೇಲೆ ಗೋಡೆ ಕೊಂಚ ಅಲುಗಿದರೂ ಸೀಳುವುದು ಇಟ್ಟಿಗೆಯೇ. ಗಾರೆ ಇಟ್ಟಿಗೆಗಿಂತ ಮೆದುವಾಗಿದ್ದರೆ ಬಿರುಕು ಸಂದಿನಲ್ಲಿ ಉಳಿಯುತ್ತದೆ, ಕೆರೆದು ತುಂಬಿದರೆ ಮುಗಿಯಿತು. ಸಾಮಾನ್ಯ ಮನೆಯ ಇಟ್ಟಿಗೆ ಗೋಡೆಗೆ ಒಂದು ಪಾಲು ಸಿಮೆಂಟ್, ಆರು ಪಾಲು ಮರಳು ಸಾಕು. ಸುಟ್ಟ ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಬಳಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟ್ ಬ್ಲಾಕನ್ನು ಮಾತ್ರ ಹೀಗೆ ನೆನೆಸಬಾರದು, ಅದು ಆಮೇಲೆ ಕುಗ್ಗಿ ಗೋಡೆಯನ್ನೇ ಸೀಳುತ್ತದೆ. ದಿನಕ್ಕೆ ನಾಲ್ಕೈದು ಅಡಿಗಿಂತ ಎತ್ತರ ಏರಿಸಲು ಬಿಡಬೇಡಿ, ಹಸಿ ಗಾರೆ ಭಾರ ತಾಳದೆ ಗೋಡೆ ವಾಲುತ್ತದೆ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಹಿಡಿದು ನೋಡಲು ಮೇಸ್ತ್ರಿ ಬೇಸರ ಮಾಡಿಕೊಂಡರೆ ನೀವೇ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿರಿ. ಕಿಟಕಿ, ಬಾಗಿಲುಗಳ ಲಿಂಟಲ್ (ಮೇಲಿನ ಅಡ್ಡತೊಲೆ) ಎರಡೂ ಬದಿ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಕೂತಿರಲಿ. ಕಾಂಕ್ರೀಟ್ ಕಂಬಕ್ಕೆ ಇಟ್ಟಿಗೆ ಸೇರುವಲ್ಲಿ ಪ್ಲಾಸ್ಟರಿಂಗಿಗೆ ಮೊದಲು ತಂತಿ ಜಾಲರಿ ಬಡಿಸಿ.

ಪಾಯದ ಮೇಲೆ ಗೋಡೆ ಏಳುವ ಮೊದಲು ತೇವ ತಡೆಯುವ ಪದರವೊಂದು ಬರಬೇಕು, ಹೊರಗಿನ ನೆಲಕ್ಕಿಂತ 150 ಮಿ.ಮೀ. ಆದರೂ ಮೇಲೆ. ಇದನ್ನು ಸಾಮಾನ್ಯವಾಗಿ ಎಲ್ಲರೂ ಹಾಕುತ್ತಾರೆ. ಆಮೇಲೆ ಗೃಹಪ್ರವೇಶದ ಗಡಿಬಿಡಿಯಲ್ಲಿ ಹೂಗಿಡಗಳಿಗೆಂದು ಗೋಡೆಗೆ ಒತ್ತಿ ಮಣ್ಣು ತುಂಬಿ ಆ ಪದರವನ್ನೇ ಮುಚ್ಚಿಬಿಡುತ್ತಾರೆ. ಮರುವರ್ಷ ಒಳಗಿನ ಬಣ್ಣ ಉಬ್ಬಿ ಉದುರಿದಾಗ ಬೈಗುಳ ಮಾತ್ರ ಪೇಂಟರಿಗೆ. ಮನೆಯ ಸುತ್ತ ಹೊರಮುಖವಾಗಿ ಇಳಿಜಾರು ಕೊಟ್ಟು ಎರಡಡಿ ಅಗಲ ಕಾಂಕ್ರೀಟ್ ಹಾಕಿಸಿ. ಮಾಡಿನ ನೀರಿನ ಪೈಪನ್ನು ಅದರಾಚೆಗೆ ಬಿಡಿಸಿ, ಗಿಡಗಳು ಅಲ್ಲಿಂದಾಚೆಗಿರಲಿ.

ನಿಮ್ಮ ಗುಂಡಿಯ ತಳದಲ್ಲಿ ಸಿಕ್ಕಿದ್ದು ಯಾವ ಬಗೆಯ ಮಣ್ಣು, ಮನೆ ಎಷ್ಟು ಅಂತಸ್ತು ಎಂದು ತಿಳಿಸಿದರೆ ಪಾಯದ ಬಗ್ಗೆ ಇನ್ನಷ್ಟು ಬರೆಯಬಲ್ಲೆ.